ಹಳೇ ಬ್ರಾಡ್‌ವೇ ರೆಕಾರ್ಡ್ ಕೇಳುವುದು ಹೇಗೆ?

ಬ್ರಾಡ್‌ವೇ ಅಂದರೆ ನ್ಯೂಯಾರ್ಕಿನ ನಾಟಕಮಂದಿರಗಳ ಬೀದಿ, ಅಲ್ಲಿನ ಹಾಡುಭರಿತ ನಾಟಕಗಳ ರೆಕಾರ್ಡ್ ಇವು. ಮೊದಲು ‘ಮೈ ಫೇರ್ ಲೇಡಿ’ ಹಾಕಿ. 1964ರ ಸಿನಿಮಾದ್ದಲ್ಲ, 1956ರ ನಾಟಕ ತಂಡದ್ದು. ಸಿನಿಮಾದಲ್ಲಿ ನಾಯಕಿಯ ಹಾಡುಗಳಿಗೆ ಬಹುಪಾಲು ಬೇರೆಯವರ ದನಿ, ಇಲ್ಲಿ ನಾಯಕಿ ಜೂಲಿ ಆಂಡ್ರೂಸ್ ತಾವೇ ಹಾಡುತ್ತಾರೆ. ಕಥೆಯನ್ನು ನಾಲ್ಕು ಸಾಲಲ್ಲಿ ಓದಿಕೊಂಡರೆ ಸಾಕು. ಷಫಲ್ ಮಾತ್ರ ಆಫ್ ಮಾಡಿ, ಇಲ್ಲದಿದ್ದರೆ ಜಗಳಕ್ಕೆ ಮೊದಲೇ ರಾಜಿ ಆಗಿಬಿಡುತ್ತದೆ! ನಾಯಕಿಗೆ ಮಾತು ಕಲಿಸುವ ಮೇಷ್ಟ್ರ ಪಾತ್ರದ ರೆಕ್ಸ್ ಹ್ಯಾರಿಸನ್ ಹಾಡುವುದಕ್ಕಿಂತ ತಾಳಕ್ಕೆ ಸರಿಯಾಗಿ ಮಾತಾಡುವುದೇ ಜಾಸ್ತಿ, ಮೊದಲ ಸಲ ಕೇಳಿದಾಗ ಇದೇನಪ್ಪಾ ಅನಿಸುತ್ತದೆ, ಆಮೇಲೆ ಅದೇ ಮಜಾ. ‘ದಿ ರೈನ್ ಇನ್ ಸ್ಪೇನ್’ ಬಂದಾಗ ಹೆಡ್‌ಫೋನ್ ಹಾಕಿಕೊಳ್ಳಿ. ನಾಯಕಿ, ಅಂದರೆ ಹೂ ಮಾರುವ ಹುಡುಗಿ, ಆ ಸಾಲನ್ನು ತಡವರಿಸುತ್ತಾ ಸರಿಯಾದ ಉಚ್ಚಾರಣೆಯಲ್ಲಿ ಹೇಳುತ್ತಾಳೆ, ಮೇಷ್ಟ್ರಿಗೆ ನಂಬಲಾಗುವುದಿಲ್ಲ, ಮತ್ತೆ ಹೇಳಿಸುತ್ತಾರೆ, ನೋಡನೋಡುತ್ತಿದ್ದಂತೆ ಅದೇ ವಾಕ್ಯ ಕುಣಿತವಾಗುತ್ತದೆ. ಹಾಡು ಎಲ್ಲಿ ಶುರುವಾಯಿತು ಅಂತ ಗೊತ್ತೇ ಆಗಲಿಲ್ಲ, ಅಲ್ವಾ? ವಾಪಸ್ ಹೋಗಿ ಇನ್ನೊಮ್ಮೆ ಕೇಳಿ.