ಕರಿ ಎಮ್ಮೆಯೂ ಕರಿ ಬೆಕ್ಕೂ ಒಂದೇ ಆದ ದಿನ

ಪರೀಕ್ಷೆಗೆಂದು ನಾನು ಇಟ್ಟುಕೊಂಡಿದ್ದ ಪಾಸ್‌ಫ್ರೇಸ್, ಅಂದರೆ ಹಲವು ಪದಗಳ ಪಾಸ್‌ವರ್ಡ್, ‘ಕೊಟ್ಟಿಗೆಯಲ್ಲಿ ಮಲಗಿದ್ದ ಕರಿ ಎಮ್ಮೆ’. ಒಂದು ರಾತ್ರಿ ನಿದ್ದೆಗಣ್ಣಿನಲ್ಲಿ ಎಮ್ಮೆಯ ಬದಲು ‘ಬೆಕ್ಕು’ ಎಂದು ಒತ್ತಿದೆ. ಬಾಗಿಲು ತೆರೆದುಕೊಂಡಿತು. ‘ಕುದುರೆ’ ಎಂದು ಒತ್ತಿದೆ, ಆಗಲೂ ತೆರೆಯಿತು. ನಿದ್ದೆ ಹಾರಿಹೋಯಿತು.

ನಾನು ಕಟ್ಟಿದ್ದು ಕನ್ನಡದಲ್ಲಿ ದಿನಚರಿ ಬರೆದಿಡುವ ಸಣ್ಣದೊಂದು ಜಾಲ ಅಪ್ಲಿಕೇಶನ್. ಬರೆದವರ ಹೊರತು ಯಾರೂ, ನಾನು ಕೂಡ, ಓದಲಾಗದು ಎಂಬ ಮಾತು ಮುಖಪುಟದಲ್ಲೇ ಇತ್ತು. ಪಾಸ್‌ಫ್ರೇಸ್ ಪರಿಶೀಲನೆಗೆ ಬಳಸಿದ್ದು ಬಿಕ್ರಿಪ್ಟ್, ಪಾಸ್‌ವರ್ಡನ್ನು ಮರಳಿ ಬಿಡಿಸಲಾಗದಂತೆ ಕಲಸಿಡುವ (ಹ್ಯಾಶ್ ಮಾಡುವ), 1999ರಿಂದ ಜನ ನಂಬಿಕೊಂಡು ಬಂದ ವಿಧಾನ. ಅದು ಮೊದಲ 72 ಬೈಟ್‌ಗಳನ್ನಷ್ಟೇ ನೋಡುತ್ತದೆ. ಇಂಗ್ಲಿಷಿನಲ್ಲಿ ಬರೆಯುವವನಿಗೆ ಅದು 72 ಅಕ್ಷರ, ಧಾರಾಳ. ಅಕ್ಷರಗಳನ್ನು ಬೈಟ್‌ಗಳಾಗಿ ಬರೆಯುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ ಮೂರು ಬೈಟ್ ಬೇಕು, ಒತ್ತಕ್ಷರ, ಗುಣಿತದ ಗುರುತುಗಳಿಗೂ ಪ್ರತ್ಯೇಕ ಲೆಕ್ಕ. ‘ಕೊಟ್ಟಿಗೆಯಲ್ಲಿ’ ಒಂದೇ 39 ಬೈಟ್ ನುಂಗುತ್ತದೆ. ‘ಕರಿ’ಯ ನಂತರದ ಖಾಲಿ ಜಾಗಕ್ಕೆ ಸರಿಯಾಗಿ 72 ತುಂಬುತ್ತದೆ. ಎಮ್ಮೆ ಹೊರಗೇ ನಿಂತಿತ್ತು. ನಾನು ಬಳಸಿದ ಲೈಬ್ರರಿ ಒಂದು ಮಾತನ್ನೂ ಹೇಳದೆ ಬಾಲ ಕತ್ತರಿಸುತ್ತಿತ್ತು.

ಅದನ್ನು ಸರಿಪಡಿಸಲು ಕುಳಿತಾಗ ಇನ್ನೂ ದೊಡ್ಡ ತಪ್ಪು ಕಣ್ಣಿಗೆ ಬಿತ್ತು. ಪರಿಶೀಲನೆ ನಡೆಯುತ್ತಿದ್ದದ್ದು ನನ್ನ ಸರ್ವರಿನಲ್ಲಿ, ಅಂದರೆ ಪಾಸ್‌ಫ್ರೇಸ್ ನನ್ನ ಕೈಗೇ ಬರುತ್ತಿತ್ತು. ಮುಖಪುಟದ ಮಾತು ಸುಳ್ಳಾಗಿತ್ತು. ಈಗ ಎಲ್ಲವೂ ಬಳಕೆದಾರರ ಬ್ರೌಸರಿನಲ್ಲೇ ನಡೆಯುತ್ತದೆ. 2015ರ ಪಾಸ್‌ವರ್ಡ್ ಹ್ಯಾಶಿಂಗ್ ಸ್ಪರ್ಧೆಯಲ್ಲಿ ಗೆದ್ದ ಆರ್ಗಾನ್2, ಅದರಲ್ಲೂ ಐಡಿ ಎಂಬ ಬಗೆ, ಪಾಸ್‌ಫ್ರೇಸನ್ನು ಅರೆದು ಒಂದು ಕೀಲಿ ಕೊಡುತ್ತದೆ. ಅದರಿಂದ ಎರಡು ಕೀಲಿಗಳು ಹುಟ್ಟುತ್ತವೆ. ಲಾಗಿನ್‌ಗಾಗಿ ಒಂದು ನನ್ನ ಕಡೆಗೆ ಬರುತ್ತದೆ, ಇನ್ನೊಂದು ಬ್ರೌಸರ್ ಬಿಟ್ಟು ಕದಲುವುದಿಲ್ಲ. ದಿನಚರಿಗೆ ಬೀಗ ಹಾಕುವ ನಿಜವಾದ ಕೀಲಿ ಯಾದೃಚ್ಛಿಕವಾಗಿ ಹುಟ್ಟಿದ 256 ಬಿಟ್‌ಗಳು. ಅದನ್ನು ಆ ಎರಡನೆಯ ಕೀಲಿಯಿಂದ ಸುತ್ತಿಡುತ್ತೇನೆ. ಹಾಗಾಗಿ ಪಾಸ್‌ಫ್ರೇಸ್ ಬದಲಿಸಿದರೆ ಹೊದಿಕೆ ಮಾತ್ರ ಬದಲಾಗುತ್ತದೆ, ವರ್ಷಗಟ್ಟಲೆ ಬರೆದದ್ದನ್ನು ಮತ್ತೆ ಗೂಢಲಿಪಿಗೆ ತಿರುಗಿಸಬೇಕಿಲ್ಲ. ಮೊದಲು ಆರ್ಗಾನ್2 64 ಎಂಬಿ ಮೆಮೊರಿ ಬೇಡುವಂತೆ ಇಟ್ಟಿದ್ದೆ. ಹಳೆಯ ಮೊಬೈಲ್‌ಗಳಲ್ಲಿ ಟ್ಯಾಬೇ ಮುಚ್ಚಿಹೋಗುತ್ತಿತ್ತು, 19ಕ್ಕೆ ಇಳಿಸಿದೆ.

ಆಮೇಲೆ ದೂರು ಬಂತು: ಮೊಬೈಲಿನಲ್ಲಿ ತೆರೆಯುವ ದಿನಚರಿ ಲ್ಯಾಪ್‌ಟಾಪಿನಲ್ಲಿ ತೆರೆಯುತ್ತಿಲ್ಲ. ಎರಡು ದಿನ ಎನ್‌ಕ್ರಿಪ್ಷನ್ ಕೋಡನ್ನೇ ಜಾಲಾಡಿದೆ. ತಪ್ಪು ಇದ್ದದ್ದು ‘ಕೊ’ದಲ್ಲಿ! ಯುನಿಕೋಡ್‌ನಲ್ಲಿ ಒತ್ವದ ಗುರುತನ್ನು ಒಂದೇ ಸಂಕೇತವಾಗಿ ಬರೆಯಬಹುದು, ಎತ್ವ ಮತ್ತು ಕೊಂಬಿನ ದೀರ್ಘ ಎಂದು ಎರಡಾಗಿಯೂ ಬರೆಯಬಹುದು. ತೆರೆಯ ಮೇಲೆ ಎರಡೂ ಒಂದೇ. ಆರ್ಗಾನ್‌ಗೆ ಅಕ್ಷರ ಗೊತ್ತಿಲ್ಲ, ಬೈಟ್ ಗೊತ್ತು; ಒಂದು ಬೈಟ್ ಬೇರೆಯಾದರೆ ಕೀಲಿಯೇ ಬೇರೆ. ಇಂಥ ಜೋಡಿಗಳನ್ನು ಒಂದೇ ಸಂಕೇತವಾಗಿಸುವ ಎನ್‌ಎಫ್‌ಸಿ ಎಂಬ ರೂಪಕ್ಕೆ ತರುವ ಒಂದು ಸಾಲು ಸೇರಿಸಿದೆ. ಸ್ವರವಿಲ್ಲದೆ ‘ಬಸ್’ ಎಂಬಂತೆ ಪದ ನಿಲ್ಲುವಲ್ಲಿ ಕೆಲವು ಕೀಲಿಮಣೆಗಳು ತುರುಕುವ, ಕಣ್ಣಿಗೆ ಕಾಣದ ಅಗಲವಿಲ್ಲದ ಸಂಕೇತವನ್ನು ಆ ಸಾಲು ತೆಗೆಯುವುದಿಲ್ಲ, ಅದನ್ನು ನಾನೇ ತೆಗೆದುಹಾಕುತ್ತೇನೆ. ಹಳೆಯ ಬಳಕೆದಾರರು ಹೊರಗುಳಿಯಬಾರದೆಂದು ಮೊದಲು ಹೊಸ ರೂಪ, ತೆರೆಯದಿದ್ದರೆ ಒತ್ತಿದ ರೂಪ, ಹೀಗೆ ಎರಡು ಸಲ ಪ್ರಯತ್ನಿಸುವಂತೆ ಮಾಡಿದೆ.

ಬಳಕೆದಾರರಿಂದ ಪಡೆದಿದ್ದ ಮೊಬೈಲ್ ಸಂಖ್ಯೆಗಳ ವಿಷಯ ಬರೆಯಲು ಈಗಲೂ ಮುಜುಗರ. ಅವನ್ನು ಎಸ್‌ಎಚ್‌ಎ-256 ಎಂಬ ವಿಧಾನದಿಂದ ಹ್ಯಾಶ್ ಮಾಡಿಟ್ಟು ನಿಶ್ಚಿಂತನಾಗಿದ್ದೆ. ಭಾರತದ ಮೊಬೈಲ್ ಸಂಖ್ಯೆಗೆ ಹತ್ತು ಅಂಕಿ, ಮೊದಲನೆಯದು 6ರಿಂದ 9. ಒಟ್ಟು 400 ಕೋಟಿ ಸಾಧ್ಯತೆ. ಒಂದು ಸಂಜೆ ಎಲ್ಲವನ್ನೂ ಒಂದೊಂದಾಗಿ ಹ್ಯಾಶ್ ಮಾಡಿ ಹೋಲಿಸಲು ಬಿಟ್ಟೆ. ಊಟ ಮುಗಿಸಿ ಬರುವಷ್ಟರಲ್ಲಿ ನನ್ನ ಸಾಧಾರಣ ಲ್ಯಾಪ್‌ಟಾಪ್ ಅಷ್ಟೂ ಸಂಖ್ಯೆಗಳನ್ನು ಬಿಚ್ಚಿಟ್ಟಿತ್ತು. ಬೇರೆಡೆ ಇಟ್ಟ ರಹಸ್ಯ ಕೀಲಿ ಸೇರಿಸಿ ಎಚ್‌ಮ್ಯಾಕ್ ಎಂಬ ಬಗೆಯ ಹ್ಯಾಶ್ ಮಾಡಬಹುದಿತ್ತು. ದಿನಚರಿಗೆ ಫೋನ್ ಸಂಖ್ಯೆ ಯಾಕೆ ಬೇಕು ಎಂದು ಕೇಳಿಕೊಂಡಾಗ ಉತ್ತರ ಹೊಳೆಯಲಿಲ್ಲ. ಆ ಕಾಲಂ ಅಳಿಸಿದೆ.

ಫೋನ್ ಸಂಖ್ಯೆ ಹೋದ ಮೇಲೆ ಪಾಸ್‌ಫ್ರೇಸ್ ಮರೆತವರಿಗೆ ಉಳಿದದ್ದು 32 ಚಿಹ್ನೆಗಳ ಮರುಪಡೆ ಸಂಕೇತ. ಮುದ್ರಿಸಿ ಇಟ್ಟುಕೊಳ್ಳಿ ಎನ್ನುತ್ತೇನೆ. ಒಬ್ಬ ಹಿರಿಯರು ಮುದ್ರಿಸಿ ಬೀರುವಿನಲ್ಲಿ ಇಟ್ಟಿದ್ದರು, ಗೆದ್ದಲು ತಿಂದಿತ್ತು. ಕಾಗದದ ಒಂದು ಮೂಲೆ ಹೋಗಿ ಐದು ಚಿಹ್ನೆಗಳು ಕಾಣೆ. ಒಂದೊಂದಕ್ಕೂ ಹದಿನಾರು ಸಾಧ್ಯತೆ, ಐದಕ್ಕೆ 10,48,576. ಇಪ್ಪತ್ತು ಹೋಗಿದ್ದರೆ ನಾನು ಕೈಚೆಲ್ಲಬೇಕಿತ್ತು. ಎಇಎಸ್-ಜಿಸಿಎಂ ಎಂಬ ಗೂಢಲಿಪಿ ವಿಧಾನದಲ್ಲಿ ತಪ್ಪು ಕೀಲಿ ಹಾಕಿದರೆ ಅದು ತಪ್ಪೆಂದು ತಕ್ಷಣ ತಿಳಿಯುತ್ತದೆ. ಫೋನ್ ಸಂಖ್ಯೆಗಳನ್ನು ಬಿಚ್ಚಿದ ಅದೇ ಉಪಾಯದಿಂದ ಒಂದು ಜಾಲಪುಟ ಬರೆದು ಅವರಿಗೆ ಕಳಿಸಿದೆ. ಸಂಕೇತ ನನಗೆ ಹೇಳಬೇಡಿ, ನಿಮ್ಮ ಕಂಪ್ಯೂಟರಿನಲ್ಲೇ ಹಾಕಿ ಎಂದೆ. ನಾನು ಫೋನ್ ಇಡುವ ಮೊದಲೇ ಅವರು ಹಳೆಯ ಪುಟವೊಂದನ್ನು ಗಟ್ಟಿಯಾಗಿ ಓದತೊಡಗಿದ್ದರು.