ಶ್ಯಾಡೋರನ್‌ನಲ್ಲಿ ಕಣ್ಣಿಗೆ ಬೀಳದೆ ನುಸುಳುವುದು: ಕಮೀಲಿಯನ್ ಸೂಟ್, ಕಣ್ಣುಕಟ್ಟು, ಎರಡನ್ನೂ ಜೋಡಿಸುವ ಬಗೆ

ಶ್ಯಾಡೋರನ್ ದಾಳ ಉರುಳಿಸಿ, ಪಾತ್ರ ವಹಿಸಿ ಆಡುವ ಆಟ; ಯಂತ್ರವೂ ಮಾಯೆಯೂ ಇರುವ ಮುಂದಿನ ಕಾಲದಲ್ಲಿ ತಂಡವೊಂದು ಕಾವಲಿರುವ ಕಟ್ಟಡಗಳಿಗೆ ನುಸುಳುತ್ತದೆ. ಇದನ್ನು ಆಡುವ ಹಲವು ಗುಂಪುಗಳಲ್ಲಿ ಒಂದೇ ತಪ್ಪು ಮತ್ತೆ ಮತ್ತೆ ಆಗುತ್ತದೆ. ಒಬ್ಬರು ಸುತ್ತಲಿನ ಬಣ್ಣಕ್ಕೆ ಬೆರೆಯುವ ಕಮೀಲಿಯನ್ ಸೂಟ್ ತೊಟ್ಟಿರುತ್ತಾರೆ, ಅದರ ಮೇಲೆ ಮ್ಯಾಜಿಶಿಯನ್ ಕಾಣದಂತೆ ಮಾಡುವ ಇನ್‌ವಿಸಿಬಿಲಿಟಿ ಸ್ಪೆಲ್ (ಮಂತ್ರ) ಹಾಕುತ್ತಾರೆ. ಎರಡೂ ಸೇರಿ ಮರೆ ದುಪ್ಪಟ್ಟಾಯಿತು ಎಂದುಕೊಂಡು ಗೇಟಿನತ್ತ ಹೊರಡುತ್ತಾರೆ. ಎರಡನೇ ಕ್ಯಾಮೆರಾದ ಎದುರು ಅಲಾರಂ ಕೂಗುತ್ತದೆ.

ಈ ಆಟದಲ್ಲಿ ಸೂಟ್ ಮತ್ತು ಸ್ಪೆಲ್ ಒಂದರ ಮೇಲೊಂದು ಕೂಡುವುದು ಅಪರೂಪ. ಒಂದೊಂದು ಮರೆಯೂ ಒಂದೊಂದು ಬಗೆಯ ನೋಟವನ್ನಷ್ಟೇ ತಡೆಯುತ್ತದೆ. ಹಾಗಾಗಿ ಯೋಜನೆ ಶುರುವಾಗಬೇಕಾದದ್ದು ಯಾರು ನೋಡುತ್ತಿದ್ದಾರೆ, ಯಾವುದರಿಂದ ನೋಡುತ್ತಿದ್ದಾರೆ ಎಂಬ ಪಟ್ಟಿಯಿಂದ. ಕೆಳಗಿನ ಲೆಕ್ಕವೆಲ್ಲ 2013ರಲ್ಲಿ ಬಂದ ಐದನೇ ಆವೃತ್ತಿಯದು. ಬೇರೆ ಆವೃತ್ತಿಯಲ್ಲಿ ಅಂಕಿಗಳು ಬದಲಾಗುತ್ತವೆ, ಯೋಚಿಸುವ ಕ್ರಮ ಬದಲಾಗುವುದಿಲ್ಲ.

ಹೊಸಬರಿಗೆ ಎರಡು ಮಾತು. ಆರು ಮುಖದ ದಾಳಗಳನ್ನು ಹಿಡಿಯಷ್ಟು ಉರುಳಿಸುತ್ತೀರಿ; 5 ಅಥವಾ 6 ಬಿದ್ದರೆ ಒಂದು ಹಿಟ್. ಅಂದರೆ ಸರಾಸರಿ ಮೂರು ದಾಳಕ್ಕೆ ಒಂದು ಹಿಟ್. ಎಷ್ಟು ಹಿಟ್ ಲೆಕ್ಕಕ್ಕೆ ಬರುತ್ತವೆ ಎಂಬುದಕ್ಕೆ ಲಿಮಿಟ್ ಎಂಬ ಮಿತಿ ಇದೆ. ಅಡಗುವವರು ಸ್ನೀಕಿಂಗ್ (ನುಸುಳುವ ಕೌಶಲ) ಮತ್ತು ಅಜಿಲಿಟಿ (ಚುರುಕುತನ) ಅಂಕಿಗಳನ್ನು ಸೇರಿಸಿ ಅಷ್ಟು ದಾಳ ಉರುಳಿಸುತ್ತಾರೆ, ನೋಡುವವರು ಪರ್ಸೆಪ್ಷನ್ (ಗಮನಿಸುವ ಕೌಶಲ) ಮತ್ತು ಇಂಟ್ಯೂಷನ್ (ಒಳಅರಿವು) ಸೇರಿಸಿ.

ಸೂಟ್ ಏನು ಕೊಡುತ್ತದೆ

ಕಮೀಲಿಯನ್ ಸೂಟಿನ ಬೆಲೆ 1,700 ನುಯೆನ್ (ಆಟದ ಹಣ), ಆರ್ಮರ್ (ಪೆಟ್ಟು ತಡೆಯುವ ಅಂಕಿ) 9. ಮೈಮೇಲಿನ ರುಥೇನಿಯಂ ಪಾಲಿಮರ್ ಪದರ ಸುತ್ತಲಿನ ದೃಶ್ಯವನ್ನು ಗೋಸುಂಬೆಯ ಹಾಗೆ ತನ್ನ ಮೇಲೆ ಮೂಡಿಸುತ್ತದೆ. ಅಡಗುವಾಗ ಸ್ನೀಕಿಂಗ್ ಲಿಮಿಟ್ 2 ಹೆಚ್ಚುತ್ತದೆ. ವೈರ್‌ಲೆಸ್ ಆನ್ ಮಾಡಿದರೆ ಜೊತೆಗೆ 2 ದಾಳ ಸಿಗುತ್ತವೆ.

ಇವೆರಡರಲ್ಲಿ ಹೆಚ್ಚು ಬೆಲೆಬಾಳುವುದು ದಾಳಗಳೇ. ಸ್ನೀಕಿಂಗ್ 6, ಅಜಿಲಿಟಿ 5 ಇರುವ ನುರಿತ ಪಾತ್ರಕ್ಕೆ 11 ದಾಳ. ಲಿಮಿಟ್ 5 ಎಂದಿಟ್ಟುಕೊಳ್ಳಿ. 11 ದಾಳದಲ್ಲಿ 5ಕ್ಕಿಂತ ಹೆಚ್ಚು ಹಿಟ್ ಬೀಳುವುದು 100 ಸಲದಲ್ಲಿ ಸುಮಾರು 12 ಸಲ ಮಾತ್ರ. ಮಿಕ್ಕ 88 ಸಲ ಏರಿಸಿದ ಲಿಮಿಟ್‌ನಿಂದ ಏನೂ ದಕ್ಕುವುದಿಲ್ಲ. ಮೈಬಲ ಕಡಿಮೆ ಇರುವ ಮ್ಯಾಜಿಶಿಯನ್‌ನ ಲಿಮಿಟ್ 3 ಅಥವಾ 4ಕ್ಕೆ ನಿಲ್ಲುತ್ತದೆ, ಅಂಥವರಿಗೆ ಮಾತ್ರ ಆ 2 ನಿಜಕ್ಕೂ ಕೆಲಸಕ್ಕೆ ಬರುತ್ತದೆ.

ಆದರೆ ವೈರ್‌ಲೆಸ್ ಆನ್ ಆದೊಡನೆ ಸೂಟಿಗೆ ಮ್ಯಾಟ್ರಿಕ್ಸ್‌ನಲ್ಲಿ, ಅಂದರೆ ಆ ಕಾಲದ ಕಂಪ್ಯೂಟರ್ ಜಾಲದಲ್ಲಿ, ಒಂದು ಐಕಾನ್ ಹುಟ್ಟುತ್ತದೆ. 100 ಮೀಟರ್ ಒಳಗಿರುವ ಯಾವ ಕಾವಲು ಹ್ಯಾಕರ್‌ಗಾದರೂ ಅದು ತಾನಾಗಿ ಕಾಣುತ್ತದೆ. ಗೋಡೆಯ ಬಣ್ಣಕ್ಕೆ ಸರಿಯಾಗಿ ಬೆರೆತು ನಿಂತವರ ತಲೆಯ ಮೇಲೆ ದೀಪ ಹಚ್ಚಿಟ್ಟ ಹಾಗೆ. ಸೂಟನ್ನು ತಂಡದ ಡೆಕ್ಕರ್‌ನ (ಹ್ಯಾಕರ್‌ನ) ಕಂಪ್ಯೂಟರಾದ ಸೈಬರ್‌ಡೆಕ್‌ನ ರಕ್ಷಣೆಗೆ ಒಪ್ಪಿಸಿ (ಸ್ಲೇವ್ ಮಾಡಿ), ಸುಲಭವಾಗಿ ಕಾಣದ ಸೈಲೆಂಟ್ ಮೋಡ್‌ಗೆ ಹಾಕಿ. ಡೆಕ್ಕರ್ ಇಲ್ಲದ ತಂಡ ವೈರ್‌ಲೆಸ್ ಆಫ್ ಮಾಡಿ 2 ದಾಳ ಬಿಟ್ಟುಕೊಡುವುದೇ ಲೇಸು.

ಮೈಯ ಶಾಖವನ್ನು ಸೂಟ್ ಮುಚ್ಚುವುದಿಲ್ಲ. ಆಟದಲ್ಲಿರುವ ಟ್ರೋಲ್ ಮತ್ತು ಡ್ವಾರ್ಫ್ ಎಂಬ ಜನಾಂಗಗಳಿಗೆ ಶಾಖ ಕಾಣುವ ದೃಷ್ಟಿ ಹುಟ್ಟಿನಿಂದಲೇ ಇದೆ, ಕಾವಲುಗಾರರ ಗಾಗಲ್‌ಗಳಲ್ಲೂ ಸಾಮಾನ್ಯವಾಗಿ ಇರುತ್ತದೆ. ಅದಕ್ಕೆ ಶಾಖ ಮರೆಸುವ ಥರ್ಮಲ್ ಡ್ಯಾಂಪಿಂಗ್ ಬೇರೆಯಾಗಿ ಕೂರಿಸಬೇಕು.

ಎರಡು ಇನ್‌ವಿಸಿಬಿಲಿಟಿಗಳು

ಬರೀ ಇನ್‌ವಿಸಿಬಿಲಿಟಿ ಮಾನಾ ಬಗೆಯ ಸ್ಪೆಲ್. ಕಣ್ಣುಕಟ್ಟು ಎಂಬ ನಮ್ಮ ಮಾತು ಇದಕ್ಕೆ ಅಕ್ಷರಶಃ ಒಪ್ಪುತ್ತದೆ: ನಿಮ್ಮ ಮೈಗೆ ಏನೂ ಆಗುವುದಿಲ್ಲ, ನೋಡುವವರ ಮನಸ್ಸು ನಿಮ್ಮನ್ನು ಬಿಟ್ಟು ನೋಡುತ್ತದೆ. ಸೈಬರ್‌ಐ ಎಂಬ ಯಂತ್ರದ ಕಣ್ಣು ಹಾಕಿಸಿಕೊಂಡ ಕಾವಲುಗಾರನೂ ಮೋಸಹೋಗುತ್ತಾನೆ, ಏಕೆಂದರೆ ಎಸೆನ್ಸ್ (ಜೀವಸತ್ವದ ಅಂಕಿ) ತೆತ್ತು ಪಡೆದ ಕಣ್ಣು ಅವನ ಮೈಯದೇ ಭಾಗ. ಕ್ಯಾಮೆರಾಗೆ ಮನಸ್ಸಿಲ್ಲ, ಅದು ನಿಮ್ಮನ್ನು ಸ್ಪಷ್ಟವಾಗಿ ಸೆರೆಹಿಡಿಯುತ್ತದೆ.

ಇಂಪ್ರೂವ್ಡ್ ಇನ್‌ವಿಸಿಬಿಲಿಟಿ ಫಿಸಿಕಲ್ ಬಗೆಯದು. ಬೆಳಕನ್ನೇ ಬಗ್ಗಿಸುತ್ತದೆ, ಕ್ಯಾಮೆರಾಗೂ ಅನ್ವಯಿಸುತ್ತದೆ, ಶಾಖದ ನೋಟವನ್ನೂ ತಡೆಯುತ್ತದೆ. ಸ್ಪೆಲ್ ಹಾಕುವಾಗ ಆರಿಸುವ ಮಟ್ಟ ಫೋರ್ಸ್, ಹಿಟ್‌ಗಳ ಲಿಮಿಟ್ಟೂ ಅದೇ; ಹಾಕಿದವರಿಗೆ ತಾಗುವ ದಣಿವು ಡ್ರೇನ್. ಮೊದಲನೆಯದರ ಡ್ರೇನ್ ಫೋರ್ಸ್‌ಗಿಂತ 2 ಕಡಿಮೆ, ಎರಡನೆಯದರದು 1 ಕಡಿಮೆ. ಒಂದು ಅಂಕಿಯ ಉಳಿತಾಯಕ್ಕಾಗಿ ಮೊದಲನೆಯದನ್ನು ಕಲಿಯಬೇಡಿ. ಆಟದ ಕಾಲ 2070ರ ದಶಕ, ಕ್ಯಾಮೆರಾ ಇಲ್ಲದ ಕಟ್ಟಡ ಸಿಗುವುದು ಕಷ್ಟ.

ಎಲ್ಲರೂ ಎಡವುವುದು ಇಲ್ಲೇ. ಸ್ಪೆಲ್ ಹಾಕುವಾಗ ಬಿದ್ದ ಹಿಟ್‌ಗಳೇ ಅದರ ಬಲ. ಆಮೇಲೆ ನೋಡಬಹುದಾದ ಪ್ರತಿಯೊಬ್ಬರೂ, ಪ್ರತಿಯೊಂದು ಯಂತ್ರವೂ ಪ್ರತ್ಯೇಕವಾಗಿ ಎದುರಿಸುತ್ತದೆ. ಅಷ್ಟು ಹಿಟ್ ಮುಟ್ಟಿದರೆ ಸ್ಪೆಲ್ ಅದರ ಪಾಲಿಗೆ ಇಲ್ಲ. ಇಂಟ್ಯೂಷನ್ 3, ಲಾಜಿಕ್ (ತರ್ಕಶಕ್ತಿ) 3 ಇರುವ ಕಾವಲುಗಾರನಿಗೆ 6 ದಾಳ. ಕ್ಯಾಮೆರಾ, ಸೆನ್ಸರ್‌ನಂಥ ಎಲೆಕ್ಟ್ರಾನಿಕ್ ವಸ್ತುವಿಗೆ 9. ಡ್ರೋನ್‌ಗೆ ಕನಿಷ್ಠ 15.

ನಿಮ್ಮ ಸ್ಪೆಲ್‌ಗೆ 4 ಹಿಟ್ ಬಿದ್ದಿದೆ ಎನ್ನೋಣ. ಆ ಕಾವಲುಗಾರ ನಿಮ್ಮನ್ನು ಕಾಣುವ ಸಂಭವ 100ಕ್ಕೆ 10. ಒಂದು ಕ್ಯಾಮೆರಾ ಕಾಣುವ ಸಂಭವ 35. ಮೂರು ಕ್ಯಾಮೆರಾಗಳನ್ನು ಒಂದೂ ಬಿಡದೆ ದಾಟಿಬಿಡುವ ಸಂಭವ 27ರ ಆಸುಪಾಸು, ಐದಾದರೆ 12ಕ್ಕಿಂತ ಕಡಿಮೆ. ಡ್ರೋನ್ 100ಕ್ಕೆ 79 ಸಲ ಕಂಡುಹಿಡಿಯುತ್ತದೆ. ಹಿಟ್ 5 ಇದ್ದರೆ ಚಿತ್ರ ಬದಲಾಗುತ್ತದೆ: ಒಂದು ಕ್ಯಾಮೆರಾ ಕಾಣುವುದು 15ರ ಒಳಗೆ, ಮೂರನ್ನು ದಾಟುವುದು 62. ಡ್ರೋನ್ ಮಾತ್ರ ಆಗಲೂ 60ರ ಹತ್ತಿರವೇ ನಿಲ್ಲುತ್ತದೆ.

ಇದರಿಂದ ಕಲಿಯಬೇಕಾದದ್ದು ಇಷ್ಟು: ಮನುಷ್ಯರಿಗೆ ಸ್ಪೆಲ್ ಸಾಕು. ಕ್ಯಾಮೆರಾ ಒಂದೆರಡಿದ್ದರೆ ಸ್ಪೆಲ್ ನಂಬಬಹುದು, ಸಾಲಾಗಿದ್ದರೆ ಡೆಕ್ಕರ್ ಅವುಗಳಲ್ಲಿ ಹಳೆಯ ದೃಶ್ಯವನ್ನೇ ಮತ್ತೆ ಮತ್ತೆ ಓಡಿಸಲಿ. ಡ್ರೋನ್ ಇದ್ದಲ್ಲಿ ಅದರ ದಾರಿಯನ್ನೇ ಬಿಟ್ಟು ನಡೆಯಿರಿ.

ಹಾಗಾದರೆ ಸ್ಪೆಲ್ ಇದ್ದಾಗ ಸೂಟ್ ಏಕೆ? ಸ್ಪೆಲ್ಲನ್ನು ಮೀರಿದ ಆ ಒಬ್ಬ ಕಾವಲುಗಾರನಿಗಾಗಿ. ಅವನ ಪಾಲಿಗೆ ನೀವು ಈಗ ಮಾಮೂಲಿ ಮನುಷ್ಯ. ಆದರೂ ಸೂಟ್ ತೊಟ್ಟು ನೆರಳಲ್ಲಿರುವ ಮನುಷ್ಯ, ಸ್ನೀಕಿಂಗ್ ದಾಳ ಇನ್ನೂ ಕೈಯಲ್ಲಿದೆ. ಕಾಣದಿರುವುದು ಕೇಳಿಸದಿರುವುದಲ್ಲವಾದ್ದರಿಂದ ಆ ದಾಳ ಹೇಗೂ ಉರುಳಿಸಲೇಬೇಕು. ಬಾಗಿಲು ತಾನಾಗಿ ತೆರೆದದ್ದನ್ನು ಕಂಡ ಕಾವಲುಗಾರ ಹುಡುಕಲು ನಿಂತನೆಂದರೆ ಅವನಿಗೆ 3 ದಾಳ ಹೆಚ್ಚು. ಅವನ ಗಮನ ಬೇರೆಡೆ ಇದ್ದರೆ 2 ಕಡಿಮೆ. ಐದು ದಾಳದ ಈ ಅಂತರ ಯಾವ ಸೂಟಿನಿಂದಲೂ ಬರುವುದಿಲ್ಲ.

ಕಡಿಮೆ ಫೋರ್ಸ್, ಹೆಚ್ಚು ರಿಯೇಜೆಂಟ್

ಸ್ಪೆಲ್ ಹಿಡಿದುಕೊಂಡಿರುವಷ್ಟು ಹೊತ್ತೂ ಮ್ಯಾಜಿಶಿಯನ್‌ಗೆ ಎಲ್ಲ ಕೆಲಸದಲ್ಲೂ 2 ದಾಳ ಕಡಿಮೆ. ಸಸ್ಟೇನಿಂಗ್ ಫೋಕಸ್ ಎಂಬ ಮಾಯಾವಸ್ತು ಆ ಭಾರ ಹೊರುತ್ತದೆ, ಆದರೆ ಫೋಕಸ್‌ನ ಫೋರ್ಸ್ ಸ್ಪೆಲ್‌ನ ಫೋರ್ಸ್‌ಗಿಂತ ಕಡಿಮೆ ಇರಬಾರದು, ಪ್ರತಿ ಫೋರ್ಸ್‌ಗೆ 4,000 ನುಯೆನ್. ಫೋರ್ಸ್ 5ಕ್ಕೆ 20,000.

ಇದಕ್ಕೊಂದು ಅಗ್ಗದ ದಾರಿ ಇದೆ. ಡ್ರಾಮ್ ಲೆಕ್ಕದಲ್ಲಿ ಸಿಗುವ ರಿಯೇಜೆಂಟ್ ಎಂಬ ಮಾಯಾಸಾಮಗ್ರಿ ಖರ್ಚು ಮಾಡಿದರೆ ಲಿಮಿಟ್ ಫೋರ್ಸ್‌ನ ಬದಲು ಡ್ರಾಮ್‌ಗಳ ಎಣಿಕೆಯಾಗುತ್ತದೆ. ಕ್ರಮ ಹೀಗೆ:

1. ಕಟ್ಟಡದಿಂದ ದೂರ, ವ್ಯಾನ್ ಒಳಗೆ ಕುಳಿತು ಇಂಪ್ರೂವ್ಡ್ ಇನ್‌ವಿಸಿಬಿಲಿಟಿಯನ್ನು ಫೋರ್ಸ್ 1ರಲ್ಲಿ ಹಾಕಿ. ಜೊತೆಗೆ 6 ಡ್ರಾಮ್ ರಿಯೇಜೆಂಟ್, ಅಂದರೆ 120 ನುಯೆನ್.
2. ಡ್ರೇನ್ ಕನಿಷ್ಠ ಮಿತಿಯಾದ 2ಕ್ಕೆ ನಿಲ್ಲುತ್ತದೆ. ತಡೆಯಲು 10 ದಾಳವಿದ್ದರೆ ಹತ್ತರಲ್ಲಿ ಒಂಬತ್ತು ಸಲ ಏನೂ ತಾಗುವುದಿಲ್ಲ. ಆದರೆ ಹಿಟ್‌ಗಳು ನಿಮ್ಮ ಮ್ಯಾಜಿಕ್ ಅಂಕಿಯನ್ನು ಮೀರಿದರೆ ಡ್ರೇನ್ ಫಿಸಿಕಲ್ ಗಾಯವಾಗುತ್ತದೆ. ಮ್ಯಾಜಿಕ್ 5 ಇರುವವರು 5 ಡ್ರಾಮ್‌ಗೆ ನಿಲ್ಲಿಸಿ.
3. 4 ಹಿಟ್ ಬರದಿದ್ದರೆ ಸ್ಪೆಲ್ ಬಿಟ್ಟು ಮತ್ತೆ ಹಾಕಿ. ಸ್ಪೆಲ್ ಹಾಕಲು 12 ದಾಳವಿದ್ದರೆ 4 ಅಥವಾ ಹೆಚ್ಚು ಹಿಟ್ ಬರುವುದು 100ಕ್ಕೆ 60 ಸಲ, ಹಾಗಾಗಿ ಎರಡು ಸಲಕ್ಕೆ ಬೇಕಾಗುವಷ್ಟು ರಿಯೇಜೆಂಟ್ ಇಟ್ಟುಕೊಳ್ಳಿ.
4. ಕಣ್ಣುಕಟ್ಟು ವರ್ಗಕ್ಕೆ ಹೊಂದಿಸಿದ ಫೋರ್ಸ್ 1 ಫೋಕಸ್‌ಗೆ ಸ್ಪೆಲ್ ಒಪ್ಪಿಸಿ.

ಫೋರ್ಸ್ ಕಡಿಮೆಯಿದ್ದಷ್ಟೂ ಸ್ಪೆಲ್ ಹಾಕುವುದು ಬೇರೆಯವರ ಗಮನಕ್ಕೆ ಬರುವುದು ಕಷ್ಟ. ದೌರ್ಬಲ್ಯವೂ ಇದೆ: ಎದುರಿನ ಮ್ಯಾಜಿಶಿಯನ್ ಅದನ್ನು ಸುಲಭವಾಗಿ ಕೆಡವಬಲ್ಲ. ಆಟ ನಡೆಸಿಕೊಡುವ ಕೆಲವು ಗೇಮ್ ಮಾಸ್ಟರ್‌ಗಳಿಗೆ ಈ ಉಪಾಯವೇ ಹಿಡಿಸುವುದಿಲ್ಲ, ಪಾತ್ರ ಕಟ್ಟುವ ಮೊದಲೇ ಕೇಳಿಕೊಳ್ಳಿ.

ಫೋಕಸ್ ಕೊಳ್ಳಲಾಗದವರಿಗೆ ಸೂಟ್ ಇಲ್ಲಿ ನೇರವಾಗಿ ಒದಗುತ್ತದೆ. ಸ್ಪೆಲ್ ಹಿಡಿದದ್ದಕ್ಕೆ ಹೋಗುವ 2 ದಾಳ, ವೈರ್‌ಲೆಸ್ ಸೂಟ್ ಕೊಡುವ 2 ದಾಳ, ನುಸುಳುವ ಮಟ್ಟಿಗೆ ಸರಿಸಮ. ಮ್ಯಾಜಿಶಿಯನ್ ಸೂಟ್ ತೊಡಲಿ, ಆದರೆ ಮೈಯೊಳಗೆ ಯಂತ್ರ ಕೂರಿಸಿಕೊಳ್ಳುವುದು ಬೇಡ. ಎಸೆನ್ಸ್ ಒಂದು ಚೂರು ಕಳೆದರೂ ಮ್ಯಾಜಿಕ್‌ನಿಂದ ಇಡೀ ಒಂದು ಅಂಕಿ ಹೋಗುತ್ತದೆ.

ಇಡೀ ತಂಡ ಒಳಹೋಗುವಾಗ

ಸ್ಪೆಲ್ ಒಬ್ಬರಿಗೆ ಮಾತ್ರ. ನಾಲ್ವರಿಗೆ ನಾಲ್ಕು ಸಲ ಹಾಕಿ ಹಿಡಿದುಕೊಂಡರೆ ಮ್ಯಾಜಿಶಿಯನ್‌ಗೆ 8 ದಾಳ ಕಡಿಮೆ, ಆತ ನಡೆದರೂ ಎಡವುತ್ತಾನೆ. ಒಬ್ಬರಿಗೊಬ್ಬರು ಕಾಣದೆ ಡಿಕ್ಕಿ ಹೊಡೆಯುವುದು ಬೇರೆ. ತಂಡಕ್ಕೆ ಗಾಳಿಯ ಸ್ಪಿರಿಟ್ (ಆತ್ಮ) ಕರೆಯಿರಿ. ಅದರ ಕನ್ಸೀಲ್‌ಮೆಂಟ್ ಶಕ್ತಿ ತನ್ನ ಮ್ಯಾಜಿಕ್‌ನಷ್ಟು ಜನರನ್ನು ಒಟ್ಟಿಗೆ ಮರೆಮಾಡುತ್ತದೆ, ನೋಡುವವರಿಂದ ಅಷ್ಟೇ ದಾಳ ಕಳೆಯುತ್ತದೆ. ಫೋರ್ಸ್ 4 ಸ್ಪಿರಿಟ್ ಇದ್ದರೆ 8 ದಾಳದ ಕಾವಲುಗಾರ 4ಕ್ಕೆ ಇಳಿಯುತ್ತಾನೆ.

ಯಂತ್ರ ಮತ್ತು ಮಾಯೆ ನಿಜಕ್ಕೂ ಕೂಡುವ ಜಾಗ ಇದು: ಸೂಟ್ ನಿಮ್ಮ ದಾಳ ಏರಿಸುತ್ತದೆ, ಸ್ಪಿರಿಟ್ ಅವರ ದಾಳ ಇಳಿಸುತ್ತದೆ, ಎರಡೂ ಒಂದೇ ಉರುಳಿಕೆಯಲ್ಲಿ ಎದುರಾಗುತ್ತವೆ. ದುಡ್ಡು ಸೀಮಿತವಾಗಿದ್ದರೆ ಎಲ್ಲರಿಗೂ ಸೂಟ್, ಜೊತೆಗೊಂದು ಸ್ಪಿರಿಟ್ ಎಂಬುದೇ ಒಳ್ಳೆಯ ಆಯ್ಕೆ. ಯಾರೂ ಇಲ್ಲದಲ್ಲಿ ಕ್ಯಾಮೆರಾ ಮೇಲೂ ಈ ಶಕ್ತಿ ನಡೆಯುತ್ತದೆಯೇ, ಸ್ಪಿರಿಟ್ ಮೈದಾಳಿ ನಿಲ್ಲಬೇಕೇ ಎಂಬುದನ್ನು ಗೇಮ್ ಮಾಸ್ಟರ್ ಜೊತೆ ಮೊದಲೇ ತೀರ್ಮಾನಿಸಿ. ಸೂರ್ಯ ಮುಳುಗಿದಾಗಲೂ ಹುಟ್ಟಿದಾಗಲೂ ಕರೆದ ಸ್ಪಿರಿಟ್ ಹೊರಟುಹೋಗುತ್ತದೆ, ಆದ್ದರಿಂದ ಕತ್ತಲಾದ ಮೇಲೆ ಕರೆಯಿರಿ.

ವಾರ್ಡ್ ಎದುರಾದಾಗ

ಮಾಯೆಯ ಮರೆ ಆಸ್ಟ್ರಲ್ ನೋಟದ, ಅಂದರೆ ಜೀವ ಮತ್ತು ಮಾಯೆ ಬೆಳಗುವ ಇನ್ನೊಂದು ಲೋಕವನ್ನು ಕಾಣುವ ದೃಷ್ಟಿಯ, ಎದುರು ಉಪಯೋಗಕ್ಕೆ ಬರುವುದಿಲ್ಲ. ಜೀವಿಗಳ ಪ್ರಭೆ ಅಲ್ಲಿ ಬೆಳಗುತ್ತಿರುತ್ತದೆ, ಮೇಲೆ ಹಾಕಿದ ಸ್ಪೆಲ್ ಕೂಡ ಎದ್ದು ಕಾಣುತ್ತದೆ. ಕಾವಲಿಗೆ ಹೆಲ್‌ಹೌಂಡ್ ಎಂಬ ಮಾಯಾನಾಯಿ ಇದ್ದರೆ ಅದು ಎರಡೂ ಲೋಕ ನೋಡುವ ಪ್ರಾಣಿ. ಅದರ ಮುಂದೆ ಇನ್‌ವಿಸಿಬಿಲಿಟಿ ಹೊದ್ದು ಹೋಗುವುದೆಂದರೆ ಗಂಟೆ ಕಟ್ಟಿಕೊಂಡು ಹೋದಂತೆ. ಮೂಗು ಹೇಗೂ ಇದ್ದೇ ಇದೆ.

ವಾರ್ಡ್ ಆಸ್ಟ್ರಲ್ ಗೋಡೆ. ಮನುಷ್ಯರು ಸುಮ್ಮನೆ ದಾಟಬಹುದು. ಚಾಲೂ ಇರುವ ಫೋಕಸ್, ಹಿಡಿದ ಸ್ಪೆಲ್, ಜೊತೆಗಿರುವ ಸ್ಪಿರಿಟ್ ಮೂರೂ ಅಲ್ಲೇ ನಿಂತುಬಿಡುತ್ತವೆ. ಒತ್ತಿ ನುಗ್ಗಿಸಲು ವಾರ್ಡಿನ ಎದುರು ದಾಳ ಹಾಕಬೇಕು, ಫೋರ್ಸ್ 1 ಸ್ಪೆಲ್‌ಗೆ ಅಲ್ಲಿ ಗೆಲ್ಲುವ ಆಸೆ ಇಲ್ಲ.

ಹಾಗಾಗಿ ವಾರ್ಡಿನ ಗೆರೆಯೇ ಇಡೀ ಯೋಜನೆಯ ನಡುಬಿಂದು. ಅದು ಎಲ್ಲಿದೆ ಎಂದು ಮ್ಯಾಜಿಶಿಯನ್ ಆಸ್ಟ್ರಲ್ ದೃಷ್ಟಿಯಿಂದ ಹಿಂದಿನ ದಿನವೇ ನೋಡಿರಬೇಕು. ಬೇಲಿಯಿಂದ ಗೆರೆಯವರೆಗೆ ಸ್ಪೆಲ್. ಗೆರೆಗೆ ಎರಡು ಹೆಜ್ಜೆ ಮುಂಚೆ, ಕ್ಯಾಮೆರಾ ಇಲ್ಲದ ಮೂಲೆಯಲ್ಲಿ ಫೋಕಸ್ ಆಫ್ ಮಾಡಿ. ದಾಟುವ ಆ ಕೆಲವು ಕ್ಷಣ ಸೂಟ್ ಒಂದೇ ನಿಮ್ಮನ್ನು ಕಾಯುತ್ತದೆ. ಒಳಗೆ ಹೋದ ಮೇಲೆ ಉಳಿಸಿಟ್ಟ 6 ಡ್ರಾಮ್‌ನಿಂದ ಮತ್ತೆ ಹಾಕಿ. ಗೆರೆಯ ಮೇಲೆಯೇ ಕ್ಯಾಮೆರಾ ಇದ್ದರೆ ಡೆಕ್ಕರ್ ಆ ಒಂದನ್ನು ಅಷ್ಟು ಹೊತ್ತು ಕುರುಡು ಮಾಡಲಿ.

ಇನ್ನೆರಡು ಸಣ್ಣ ಅಪಾಯ. ಅಲ್ಟ್ರಾಸೌಂಡ್ ಬೆಳಕನ್ನು ನಂಬಿಲ್ಲ. ಸೂಟ್, ಸ್ಪೆಲ್ ಎರಡನ್ನೂ ಲೆಕ್ಕಿಸದೆ ನಿಮ್ಮ ಆಕಾರ ತೋರಿಸುತ್ತದೆ. ಗಾಜನ್ನು ಅದು ದಾಟಲಾರದು, ಗಾಜಿನ ಗೋಡೆಯ ಹಿಂದಿನ ದಾರಿ ಹಿಡಿಯಿರಿ. ಒತ್ತಡ ಗುರುತಿಸುವ ನೆಲಕ್ಕೆ ಮೇಲೆತ್ತುವ ಲೆವಿಟೇಟ್ ಸ್ಪೆಲ್ ಅಥವಾ ಗುರುತು ಮೂಡದೆ ನಡೆಯುವ ಟ್ರೇಸ್‌ಲೆಸ್ ವಾಕ್ ಶಕ್ತಿ ಇರುವ ಅಡೆಪ್ಟ್ (ಮಾಯೆಯನ್ನು ತನ್ನ ಮೈಯಲ್ಲೇ ಬಳಸುವವರು) ಬೇಕು.

ಹೊರಬಂದ ಮೇಲೆ

ಪ್ರತಿ ಸ್ಪೆಲ್ ಹಾಕಿದ ಜಾಗದಲ್ಲಿ ಮ್ಯಾಜಿಶಿಯನ್‌ನ ಆಸ್ಟ್ರಲ್ ಗುರುತು ಉಳಿಯುತ್ತದೆ, ಫೋರ್ಸ್ ಎಷ್ಟೋ ಅಷ್ಟು ಗಂಟೆ. ಫೋರ್ಸ್ 5 ಸ್ಪೆಲ್‌ನ ಗುರುತು ಬೆಳಗಿನ ಪಾಳಿಯ ತನಿಖೆಗಾರನಿಗೂ ಸಿಗುತ್ತದೆ, ಫೋರ್ಸ್ 1ರದು ಒಂದು ಗಂಟೆಗೆ ಮಾಸುತ್ತದೆ. ವಾರ್ಡಿನ ಒಳಗೆ ಮತ್ತೆ ಹಾಕಿದ ಜಾಗವನ್ನು ಮರೆಯದೆ, ಹೊರಡುವ ಮುನ್ನ ಆಸ್ಟ್ರಲ್ ದೃಷ್ಟಿಯಲ್ಲಿ ನಿಂತು ಗುರುತು ಅಳಿಸಿ. ಒಂದು ಕಾಂಪ್ಲೆಕ್ಸ್ ಆಕ್ಷನ್‌ಗೆ (ಆಟದ ಒಂದು ಸರದಿಯ ಕೆಲಸಕ್ಕೆ) ಒಂದು ಗಂಟೆಯ ಗುರುತು ಹೋಗುತ್ತದೆ. ಒಳಗಿಂದ ತಂದ ವಸ್ತುಗಳ ಮೇಲೆ, ಅವುಗಳ ಜಾಡು ತಿಳಿಸುವ ಟ್ಯಾಗ್‌ಗಳನ್ನು ಕೆಡಿಸುವ ಟ್ಯಾಗ್ ಎರೇಸರ್ ಆಡಿಸುವುದು ವ್ಯಾನ್ ಹತ್ತುವ ಮೊದಲು, ಹತ್ತಿದ ಮೇಲಲ್ಲ.