ಯುಪಿಎಸ್‌ಗೆ ದೊಡ್ಡ ಬ್ಯಾಟರಿ ಜೋಡಿಸಿದೆ: ನನ್ನ ಅನುಭವ

ಸಾಗರದ ಕಡೆಯ ನಮ್ಮ ಹಳ್ಳಿಯಲ್ಲಿ ಆರಿದ್ರಾ ಮಳೆ ಹಿಡಿದರೆ ಕರೆಂಟಿನ ಆಸೆ ಬಿಡಬೇಕು. ಅಕೇಶಿಯಾದ ಒಂದು ಕೊಂಬೆ ತಂತಿಯ ಮೇಲೆ ಬಿದ್ದರೆ ಮೂರು-ನಾಲ್ಕು ಗಂಟೆ ಕತ್ತಲು. ನನ್ನ ಲ್ಯಾಪ್‌ಟಾಪ್, ಫೈಬರ್ ಮೋಡೆಮ್, ರೂಟರ್, ಒಂದು ದೀಪ ಎಲ್ಲ ಸೇರಿ 60 ವಾಟ್. ಕರೆಂಟ್ ಹೋದಾಗ ಇವನ್ನು ನಡೆಸುವ 600 ವಿಎ (ವೋಲ್ಟ್-ಆಂಪಿಯರ್) ಯುಪಿಎಸ್‌ನೊಳಗಿನ 12 ವೋಲ್ಟ್, 7 ಎಎಚ್ (ಆಂಪಿಯರ್-ಗಂಟೆ) ಬ್ಯಾಟರಿ ಹೊಸದಿದ್ದಾಗಲೇ ಅರ್ಧ ಗಂಟೆಗೆ ಸೋಲುತ್ತಿತ್ತು.

ಅದರ ಬದಲು 42 ಎಎಚ್‌ನ ಸೀಲ್ ಮಾಡಿದ ಬ್ಯಾಟರಿ ತಂದೆ. ಪರಿಚಯದವರು ನೀರು ಹಾಕುವ ಟ್ಯೂಬುಲರ್ ಬ್ಯಾಟರಿ ಕೊಡುತ್ತೇನೆಂದರೂ ಒಪ್ಪಲಿಲ್ಲ. ಅದು ಪೂರ್ತಿ ತುಂಬಲು 14.4 ವೋಲ್ಟಿನ ಆಸುಪಾಸು ಬೇಕು; ನನ್ನ ಯುಪಿಎಸ್ ಕೊಡುವುದು 13.6. ಜಲಜನಕ ಬಿಡುವ ಬ್ಯಾಟರಿಯನ್ನು ಮಳೆಗಾಲದಲ್ಲಿ ಕಿಟಕಿ ಮುಚ್ಚಿದ ಕೋಣೆಯಲ್ಲಿಡಲು ಮನಸ್ಸೂ ಬರಲಿಲ್ಲ.

ತಂತಿ ಹೊರಗೆಳೆಯುವ ಮೊದಲು ಒಂದು ಪರೀಕ್ಷೆ ಮಾಡಲೇಬೇಕಿತ್ತು. ಕೆಲವು ಯುಪಿಎಸ್‌ಗಳಲ್ಲಿ ಬ್ಯಾಟರಿಯ ತಂತಿ ಮನೆಯ 230 ವೋಲ್ಟಿನಿಂದ ಬೇರ್ಪಟ್ಟಿರುವುದಿಲ್ಲ. ಅಂಥದರ ಟರ್ಮಿನಲ್ ಹೊರಗಿಟ್ಟರೆ ಮುಟ್ಟಿದವರ ಜೀವಕ್ಕೇ ಅಪಾಯ. ಪ್ಲಗ್ ಕಿತ್ತು ಮಲ್ಟಿಮೀಟರಿನಲ್ಲಿ ನೋಡಿದೆ, ಕರೆಂಟ್ ಕೊಟ್ಟು ಮತ್ತೆ ನೋಡಿದೆ. ನನ್ನದು ಬೇರ್ಪಟ್ಟಿತ್ತು. ಇಲ್ಲವಾಗಿದ್ದರೆ ಕೆಲಸವನ್ನು ಅಲ್ಲಿಗೇ ಬಿಡುತ್ತಿದ್ದೆ.

ಮೊದಲು ತಪ್ಪಿದ್ದು ತಂತಿಯಲ್ಲಿ. ಮನೆಯಲ್ಲಿದ್ದ 1.5 ಚದರ ಮಿಲಿಮೀಟರ್ ತಂತಿಯನ್ನೇ ಎರಡು ಮೀಟರ್ ಎಳೆದೆ. ಬ್ಯಾಟರಿಯಲ್ಲಿ 11.9 ವೋಲ್ಟ್ ಇದ್ದಾಗ ಯುಪಿಎಸ್ ಬಾಯಲ್ಲಿ 11.5. ಬ್ಯಾಟರಿಯಲ್ಲಿ ಶಕ್ತಿ ಉಳಿದಿರುವಾಗಲೇ ಅದು ಕಿರುಚಿ ಆರಿಹೋಗುತ್ತಿತ್ತು. 6 ಚದರ ಮಿಲಿಮೀಟರಿನ ತಾಮ್ರದ ತಂತಿ ಹಾಕಿ, ಬ್ಯಾಟರಿಯನ್ನು ಹತ್ತಿರಕ್ಕೆ ಸರಿಸಿ, ತಂತಿಯ ತುದಿಗೆ ಹಾಕುವ ಲೋಹದ ಲಗ್‌ಗಳನ್ನು ಗಟ್ಟಿಯಾಗಿ ಒತ್ತಿಸಿದ ಮೇಲೆ ಸರಿಹೋಯಿತು. ಧನ ತುದಿಯಿಂದ ಗೇಣುದ್ದದೊಳಗೆ 30 ಆಂಪಿಯರ್‌ನ ವಾಹನದ ಫ್ಯೂಸ್ ಇದೆ. ಇಂಥ ಬ್ಯಾಟರಿ ಶಾರ್ಟ್ ಆದರೆ ನೂರಾರು ಆಂಪಿಯರ್ ಹರಿಯುತ್ತದೆ, ತಂತಿಯೇ ಕೆಂಪಗೆ ಕಾಯುತ್ತದೆ.

ಮುಂದಿನ ಸಲ ಕರೆಂಟ್ ಹೋದಾಗ ಯುಪಿಎಸ್ ನಾಲ್ಕೂವರೆ ಗಂಟೆ ನಡೆಯಿತು. ಮನೆಯವರೆಲ್ಲ ಸಂತೋಷಪಟ್ಟರು. ಮರುದಿನ ಸಂಜೆ ಮತ್ತೆ ಕರೆಂಟ್ ಹೋದಾಗ ಎರಡು ಗಂಟೆಯೂ ಬರಲಿಲ್ಲ. ತಂತಿಯಲ್ಲಿ ಹರಿಯುವ ಆಂಪಿಯರ್ ಅಳೆಯುವ ಕ್ಲಾಂಪ್ ಮೀಟರ್ ಹಿಡಿದರೆ ಯುಪಿಎಸ್ ತುಂಬಿಸುತ್ತಿದ್ದುದು ಬರೀ 0.8 ಆಂಪಿಯರ್! 7 ಎಎಚ್‌ಗೆ ಅದು ಸಾಕು. 33 ಎಎಚ್ ಖರ್ಚಾದ ಬ್ಯಾಟರಿಗೆ ನಷ್ಟವೂ ಸೇರಿ ಸುಮಾರು ಎರಡು ದಿನ ಬೇಕು. ಅರ್ಧಂಬರ್ಧ ತುಂಬಿದ ಸ್ಥಿತಿಯಲ್ಲೇ ಉಳಿದರೆ ಸೀಸದ ಬ್ಯಾಟರಿಯ ಫಲಕಗಳಿಗೆ ಸಲ್ಫೇಟ್ ಗಟ್ಟಿಯಾಗಿ ಹಿಡಿದು ಆಯುಷ್ಯ ಕುಗ್ಗುತ್ತದೆ. ದೊಡ್ಡ ಬ್ಯಾಟರಿ ಕೊಳ್ಳುವವರು ಮೊದಲು ಲೆಕ್ಕ ಹಾಕಬೇಕಾದದ್ದು ಇದನ್ನೇ, ನಾನು ಹಾಕಿರಲಿಲ್ಲ.

13.8 ವೋಲ್ಟಿನಲ್ಲಿ ನಿಲ್ಲುವ, 4 ಆಂಪಿಯರ್ ಮಿತಿಯ ಪ್ರತ್ಯೇಕ ಚಾರ್ಜರನ್ನು ಬ್ಯಾಟರಿಗೆ ನೇರವಾಗಿ ಸೇರಿಸಿದೆ. ಅದರ ದಾರಿಗೂ ಚಿಕ್ಕದೊಂದು ಫ್ಯೂಸ್ ಇದೆ. ಚಾರ್ಜರಿನ ಪ್ಲಗ್ ಗೋಡೆಗೇ ಹೋಗಬೇಕು; ಯುಪಿಎಸ್‌ನ ಸಾಕೆಟ್ಟಿಗೆ ಹಾಕಿದರೆ ಬ್ಯಾಟರಿ ತನ್ನನ್ನೇ ತುಂಬಿಸಿಕೊಳ್ಳಲು ಹೋಗಿ ಬೇಗ ಬರಿದಾಗುತ್ತದೆ.

ಇನ್ನು ಬಿಸಿ. ಅರ್ಧ ಗಂಟೆಗೆಂದು ಮಾಡಿದ ಟ್ರಾನ್ಸ್‌ಫಾರ್ಮರ್ ಒಂದು ಗಂಟೆಗೆ ಮುಟ್ಟಲಾರದಷ್ಟು ಕಾಯುತ್ತಿತ್ತು. ಖಾಲಿಯಾದ ಒಳಬ್ಯಾಟರಿಯ ಜಾಗಕ್ಕೆ ಕಂಪ್ಯೂಟರಿನ 12 ವೋಲ್ಟ್ ಫ್ಯಾನ್ ಕೂರಿಸಿ, 45 ಡಿಗ್ರಿಗೆ ಆನ್ ಆಗುವ ಉಷ್ಣ ಸ್ವಿಚ್ಚನ್ನು ಒಳಗಿನ ಹೀಟ್‌ಸಿಂಕಿಗೆ (ಬಿಸಿ ಹೊರಹಾಕುವ ಲೋಹದ ತುಂಡು) ಅಂಟಿಸಿದೆ. ಪ್ರಿಂಟರನ್ನಾಗಲಿ ಮಿಕ್ಸರನ್ನಾಗಲಿ ಇದಕ್ಕೆ ಯಾರೂ ಸಿಕ್ಕಿಸುವಂತಿಲ್ಲ; ಗಂಟೆಗಳು ಹೆಚ್ಚಿದವೇ ಹೊರತು ವಾಟ್‌ಗಳು ಹೆಚ್ಚಲಿಲ್ಲ.

ಆಶ್ಲೇಷಾ ಮಳೆಯ ಒಂದು ರಾತ್ರಿ ನಾಲ್ಕು ಗಂಟೆ ಕರೆಂಟಿರಲಿಲ್ಲ. ಮರುದಿನ ಮಧ್ಯಾಹ್ನದ ಊಟ ಮುಗಿಸಿ ಮೀಟರ್ ಹಿಡಿದೆ: ಚಾರ್ಜರಿನ ಹರಿವು 0.3 ಆಂಪಿಯರಿಗೆ ಇಳಿದಿತ್ತು, ಅಂದರೆ ಬ್ಯಾಟರಿ ಬಹುತೇಕ ತುಂಬಿತ್ತು.